ಬಾನೆಟ್ ಮೇಲೆ ಕೈಯಿಟ್ಟು ನೋಡು



ನಮ್ಮ ಮನೆಯಲ್ಲಿ ಆರು ಜನ. ಕಾರಿನಲ್ಲಿ ಐದು ಸೀಟು. ವರ್ಷಗಟ್ಟಲೆ ಬ್ಯಾಂಕಿನಲ್ಲಿ ಲೆಡ್ಜರ್ ತಾಳೆ ಹಾಕಿದ ನನಗೂ ಈ ಒಂದು ಲೆಕ್ಕ ಮಾತ್ರ ತಾಳೆಯಾಗುತ್ತಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಉಡುಪಿಯ ಮಗಳ ಮನೆಯಿಂದ ಶಿವಮೊಗ್ಗಕ್ಕೆ ಹೊರಟಾಗ ಐವರು ಕಾರು ಹತ್ತಿದರು. ಆರನೆಯವನಾದ ನಾನು ಬಸ್ಸು ಹತ್ತಿದೆ. ನಾನು ಮನೆಗೆ ಬಂದು, ಕೈಕಾಲು ತೊಳೆದು, ಕಾಫಿ ಮಾಡಿಕೊಂಡು ಕುಡಿದರೂ ಕಾರಿನವರ ಸುದ್ದಿಯಿಲ್ಲ. ಆಗುಂಬೆ ಘಾಟಿ ಹತ್ತುವಾಗ ಇಂಜಿನ್ ಕಾದು, ಎ.ಸಿ. ಆಫ್ ಮಾಡಿ, ಫಸ್ಟ್ ಗೇರಿನಲ್ಲಿ ಏದುಸಿರು ಬಿಡುತ್ತಾ ಬಂದರಂತೆ. ಮಧ್ಯೆ ಎರಡು ಕಡೆ ನಿಲ್ಲಿಸಿ ತಣಿಸಿದರಂತೆ. ರಾತ್ರಿ ಹತ್ತಕ್ಕೆ ಮನೆ ಸೇರಿದ ನಮ್ಮ ಮನೆಯವಳು ಮೊಣಕಾಲು ಹಿಡಿದುಕೊಂಡು ಒಂದೇ ಮಾತು ಹೇಳಿದಳು: "ದುಡ್ಡು ಬ್ಯಾಂಕಲ್ಲಿ, ನೀವು ಬಸ್ಸಲ್ಲಿ. ಸಾಕು, ತೆಗೀರಿ."

ಅವಳು ಹೇಳಿದ ದುಡ್ಡು ನನ್ನ ನಿವೃತ್ತಿಯ ಹಣದಲ್ಲಿ ಉಳಿದ ಮೂರು ಲಕ್ಷದ ಎಫ್.ಡಿ. ಆಪತ್ತಿಗಿರಲಿ ಎಂದು ಇಟ್ಟದ್ದು. ಮಗನ ಕೈಯಲ್ಲಿ ನಾಲ್ಕು ಲಕ್ಷ ಇತ್ತು. ಏಳು ಲಕ್ಷಕ್ಕೆ ಏಳು ಸೀಟಿನ ಹೊಸ ದೊಡ್ಡ ಗಾಡಿ ಬರುವುದಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಹುಡುಕುವುದೆಂದಾಯಿತು. "ಟರ್ಬೊ ಇರೋದೇ ಬೇಕು, ಘಾಟಿ ಹತ್ತೋಕೆ" ಎಂದ ಮಗ.

"ಟರ್ಬೊ ಅಂದ್ರೇನು ಅಜ್ಜ?" ಎಂದಳು ಏಳನೇ ಕ್ಲಾಸಿನ ಪುಟ್ಟಿ. ನಾನು ಬಿ.ಕಾಂ. ಓದಿದವನು. ಡೆಬಿಟ್ ಕ್ರೆಡಿಟ್ ಕೇಳಿದ್ದರೆ ಹೇಳುತ್ತಿದ್ದೆ. ನಮ್ಮ ಬೀದಿಯ ಮೆಕ್ಯಾನಿಕ್ ಹತ್ತಿರ ಇಬ್ಬರೂ ಹೋಗಿ ಪಾಠ ಹೇಳಿಸಿಕೊಂಡೆವು.

ಒಲೆ ಉರಿಯಲು ಗಾಳಿ ಬೇಕು. ಅಜ್ಜಿ ಊದುಕೊಳವೆಯಲ್ಲಿ ಊದಿದರೆ ಬೆಂಕಿ ಧಗ್ಗನೆ ಏಳುತ್ತದಲ್ಲವೇ? ಇಂಜಿನ್ನಿನದೂ ಅದೇ ಕಥೆ. ಮಾಮೂಲಿ ಇಂಜಿನ್ ತನ್ನ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಟರ್ಬೊ ಇರುವ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬಲಾಗುತ್ತದೆ. ಗಾಳಿ ಹೆಚ್ಚಿದಷ್ಟೂ ಹೆಚ್ಚು ಡೀಸೆಲ್ ಉರಿಸಬಹುದು, ಅದೇ ಗಾತ್ರದ ಇಂಜಿನ್ನಿನಿಂದ ಹೆಚ್ಚು ಶಕ್ತಿ ಪಡೆಯಬಹುದು. ಹಾಗಾದರೆ ಊದುವವರು ಯಾರು? ಸೈಲೆನ್ಸರಿನಿಂದ ಸುಮ್ಮನೆ ಹೊರಗೆ ಹೋಗುವ ಬಿಸಿ ಹೊಗೆಯೇ! ಆ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಕಡ್ಡಿಯ ಇನ್ನೊಂದು ತುದಿಯಲ್ಲಿರುವ ಚಕ್ರವೂ ಜೊತೆಗೆ ತಿರುಗಿ, ಹೊರಗಿನ ಗಾಳಿಯನ್ನು ಒಳಕ್ಕೆ ಒತ್ತುತ್ತದೆ. ಬಿಸಾಡುವ ವಸ್ತುವಿನಿಂದ ಕೆಲಸ ತೆಗೆಯುವುದು ಎಂದರೆ ಇದೇ. ಈ ಉಪಾಯಕ್ಕೆ 1905ರಲ್ಲಿ ಪೇಟೆಂಟ್ ಪಡೆದವನು ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಚಿ.

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಇಂಜಿನ್ ಸೊರಗುತ್ತದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಗಳಿಗೆ ಇದೇ ತಲೆನೋವು. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬ ಇಂಜಿನಿಯರ್ ಒಂದು ವಿಮಾನದ ಇಂಜಿನ್ನನ್ನು ಪೈಕ್ಸ್ ಪೀಕ್ ಎಂಬ ಬೆಟ್ಟದ ತುದಿಗೆ ಸಾಗಿಸಿ, ಅಲ್ಲಿ ಟರ್ಬೊ ಜೋಡಿಸಿ ಪರೀಕ್ಷೆ ಮಾಡಿದ. ಆ ಬೆಟ್ಟ 14,000 ಅಡಿಗೂ ಎತ್ತರ. ನಮ್ಮ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 6,330 ಅಡಿ. ಎರಡು ಮುಳ್ಳಯ್ಯನಗಿರಿಗಳನ್ನು ಒಂದರ ಮೇಲೊಂದು ಇಟ್ಟರೂ ಅದರ ತುದಿ ಮುಟ್ಟುವುದಿಲ್ಲ.

ಇನ್ನೊಂದು ಮಾತನ್ನು ಮೆಕ್ಯಾನಿಕ್ ಒತ್ತಿ ಹೇಳಿದರು. "ನಿಮ್ಮ ಮನೆಯ ಫ್ಯಾನ್ ಜೋರಾಗಿ ತಿರುಗಿದರೂ ನಿಮಿಷಕ್ಕೆ ಮುನ್ನೂರು ನಾನೂರು ಸುತ್ತು. ಟರ್ಬೊ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುತ್ತೆ. ಅಷ್ಟು ವೇಗದಲ್ಲಿ ತಿರುಗೋ ಕಡ್ಡಿ ನಿಂತಿರೋದು ತೆಳುವಾದ ಆಯಿಲ್ ಪದರದ ಮೇಲೆ. ಸಮಯಕ್ಕೆ ಆಯಿಲ್ ಬದಲಿಸಿದ ಗಾಡಿ ಆದ್ರೆ ಟರ್ಬೊ ಬಾಳುತ್ತೆ. ಇಲ್ಲದಿದ್ರೆ ಹತ್ತಾರು ಸಾವಿರ ಖರ್ಚು ಗ್ಯಾರಂಟಿ. ಅದಕ್ಕೇ ಗಾಡಿ ನೋಡೋಕೆ ಹೋದಾಗ ಬಣ್ಣ ನೋಡಬೇಡಿ. ಮೊದಲು ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಇಂಜಿನ್ ತಣ್ಣಗಿರಬೇಕು."

"ಯಾಕೆ?" ಎಂದಳು ಪುಟ್ಟಿ.

"ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ್ರೆ ಇಂಜಿನ್ ನಿಜ ಹೇಳುತ್ತೆ ಪುಟ್ಟಿ. ಬಿಸಿಯಾದ್ಮೇಲೆ ಕೆಲವು ರೋಗ ಮುಚ್ಚಿಹೋಗುತ್ತೆ."

ಒಂದು ಭಾನುವಾರ ಮೆಕ್ಯಾನಿಕ್ಕನ್ನೂ ಕರೆದುಕೊಂಡು ಪಕ್ಕದ ಜಿಲ್ಲೆಗೆ ಹೋದೆವು. ದಲ್ಲಾಳಿಯೊಬ್ಬ ತೋರಿಸಿದ ಬಿಳಿ ಗಾಡಿ. ಆಹಾ, ಏನು ಹೊಳಪು! ಮೀಟರಿನಲ್ಲಿ 61,000 ಕಿಲೋಮೀಟರ್. ಬೆಲೆ ಐದು ಲಕ್ಷ ಎಂಬತ್ತು ಸಾವಿರ. ಮೂರನೇ ಕ್ಲಾಸಿನ ಚಿನ್ನು ಆಗಲೇ ಹಿಂದಿನ ಸಾಲಿನ ಕಿಟಕಿ ಸೀಟು ತನ್ನದೆಂದು ಘೋಷಿಸಿಬಿಟ್ಟ. ನಾನೂ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಎಫ್.ಡಿ.ಯಲ್ಲಿ ಒಂದು ಲಕ್ಷದ ಇಪ್ಪತ್ತು ಸಾವಿರ ಉಳಿಯುತ್ತದೆ. ಸುಳ್ಳೇಕೆ ಹೇಳಲಿ, ನನಗೂ ಆಸೆಯಾಯಿತು.

"ಎರಡು ದಿನದಿಂದ ಗಾಡಿ ತೆಗೆದೇ ಇಲ್ಲ ಸಾರ್" ಎಂದ ದಲ್ಲಾಳಿ.

ಪುಟ್ಟಿ ಬಾನೆಟ್ ಮೇಲೆ ಕೈಯಿಟ್ಟು ತಟ್ಟನೆ ತೆಗೆದಳು. "ಅಜ್ಜ, ಬಿಸಿ ಇದೆ!" ಗಾಡಿ ನಿಂತಿದ್ದದ್ದು ನೆರಳಿನಲ್ಲಿ. ಹಾಗಾಗಿ ಬಿಸಿಲಿನ ಮೇಲೂ ಆರೋಪ ಹೊರಿಸುವಂತಿರಲಿಲ್ಲ. ಮೆಕ್ಯಾನಿಕ್ ಜಗಳ ಮಾಡಲಿಲ್ಲ. "ಊಟ ಮಾಡಿ ಬರ್ತೀವಿ, ಅಲ್ಲೀವರೆಗೆ ಸ್ಟಾರ್ಟ್ ಮಾಡಬೇಡಿ. ಹುಡುಗ ಇಲ್ಲೇ ಇರ್ತಾನೆ" ಎಂದು ತಮ್ಮ ಸಹಾಯಕನನ್ನು ಅಲ್ಲೇ ಕೂರಿಸಿದರು. ಮೂರು ಗಂಟೆ ಬಿಟ್ಟು ಬಂದು ಸ್ಟಾರ್ಟ್ ಮಾಡಿಸಿದಾಗ ಸೈಲೆನ್ಸರಿನಿಂದ ನೀಲಿ ಹೊಗೆ ಹೊರಟಿತು. ಹೊಗೆ ನೀಲಿಯಾದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಟರ್ಬೊ ಸವೆದು ಆಯಿಲ್ ಸೋರಿದರೂ ಹೀಗಾಗುತ್ತದೆ, ಇಂಜಿನ್ ಒಳಗೇ ಸವೆದಿದ್ದರೂ ಹೀಗಾಗುತ್ತದೆ. ಕಪ್ಪು ಹೊಗೆ ದಟ್ಟವಾಗಿ ಬಂದರೆ ಡೀಸೆಲ್ಲಿಗೆ ತಕ್ಕ ಗಾಳಿ ಸಿಗುತ್ತಿಲ್ಲ ಎಂದು ತಿಳಿಯಬೇಕಂತೆ.

"ಚಳಿಗೆ ಸಾರ್, ಆಮೇಲೆ ಸರಿಹೋಗುತ್ತೆ. ಹತ್ತು ಸಾವಿರ ಅಡ್ವಾನ್ಸ್ ಕೊಡಿ, ಇನ್ನೊಂದು ಪಾರ್ಟಿ ಬರ್ತಿದೆ" ಎಂದ ದಲ್ಲಾಳಿ. ಮಗ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಇಷ್ಟು ಕಡಿಮೆ ಬೆಲೆಗೆ ಇನ್ನೊಂದು ಸಿಕ್ಕೀತೇ ಎಂಬ ಯೋಚನೆ ಇಬ್ಬರಿಗೂ.

ಆ ಹೊತ್ತಿಗೆ ಚಿನ್ನು ಬಾಗಿಲ ಅಂಚಿನಲ್ಲಿ ಅಂಟಿಸಿದ್ದ ಚಿಕ್ಕ ಸ್ಟಿಕ್ಕರನ್ನು ಗಟ್ಟಿಯಾಗಿ ಓದಿದ. "ಮುಂದಿನ ಆಯಿಲ್, 96,000 ಕಿ.ಮೀ. ಅಜ್ಜ, ಈಗ 61,000 ತಾನೇ ಆಗಿರೋದು? ಇನ್ನೂ ತುಂಬಾ ದಿನ ಆಯಿಲ್ ಹಾಕೋದೇ ಬೇಡ!"

ಎಲ್ಲರೂ ಸುಮ್ಮನಾದರು. "ಅದು ಹಳೇ ಸ್ಟಿಕ್ಕರ್ ಸಾರ್" ಎಂದ ದಲ್ಲಾಳಿ.

"ಹಳೆಯದಾಗಿದ್ದರೆ ಅದರಲ್ಲಿ ಕಡಿಮೆ ಇರಬೇಕಿತ್ತಲ್ಲಪ್ಪಾ" ಎಂದೆ. ಲೆಡ್ಜರಿನಲ್ಲಿ ಬ್ಯಾಲೆನ್ಸ್ ಹಿಂದೆ ಮುಂದೆ ಹೋಗಬಹುದು. ಗಾಡಿಯ ಮೀಟರ್ ಮಾತ್ರ ಮುಂದಕ್ಕೇ ಹೋಗಬೇಕು. ಬ್ರೇಕ್ ಪೆಡಲಿನ ರಬ್ಬರ್ ನೋಡಿದರೆ ಅದೂ ಸವೆದು ನುಣ್ಣಗಾಗಿತ್ತು. ಖಾಲಿ ಕೈಯಲ್ಲಿ ಹಿಂದಿರುಗಿದೆವು. ದಾರಿಯುದ್ದಕ್ಕೂ ಚಿನ್ನು ಅಳುಮುಖ ಮಾಡಿಕೊಂಡಿದ್ದ. ತಾನು ಓದಿದ ಒಂದು ಸಾಲು ಅಜ್ಜನ ದುಡ್ಡು ಉಳಿಸಿತೆಂದು ಅವನಿಗೆ ತಿಳಿಯಹೇಳಲು ಒಂದು ಪ್ಲೇಟ್ ಮಸಾಲೆ ದೋಸೆ ಬೇಕಾಯಿತು.

ಎರಡು ತಿಂಗಳ ನಂತರ ನಮ್ಮೂರಿನಲ್ಲೇ, ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ ಎಕ್ಸ್‌ಯುವಿ 500 ಸಿಕ್ಕಿತು. 2017ರ ಗಾಡಿ, 2179 ಸಿ.ಸಿ.ಯ ಎಂಹಾಕ್ ಟರ್ಬೊ ಡೀಸೆಲ್ ಇಂಜಿನ್, ಏಳು ಸೀಟು. 82,000 ಕಿಲೋಮೀಟರ್ ಓಡಿತ್ತು. ಬಾಗಿಲ ಮೇಲೆ ಉದ್ದಕ್ಕೆ ಒಂದು ಗೀರು. ಬಾನೆಟ್ ತಣ್ಣಗೆ. ಹೊಗೆಗೆ ಬಣ್ಣವೇ ಇಲ್ಲ. ಮೆಕ್ಯಾನಿಕ್ ಗಾಳಿಯ ಕೊಳವೆ ಬಿಚ್ಚಿ ಟರ್ಬೊ ಚಕ್ರವನ್ನು ಬೆರಳಿನಿಂದ ಮೆಲ್ಲನೆ ಅಲುಗಿಸಿ ನೋಡಿದರು. ಕೊಂಚ ಅಲುಗಿದರೂ ಪಕ್ಕದ ಗೋಡೆಗೆ ತಾಗಲಿಲ್ಲ. ಏರು ರಸ್ತೆಯಲ್ಲಿ ಓಡಿಸಿದಾಗ ಒಂದು ಕ್ಷಣ ತಡೆದು, ಆಮೇಲೆ ಬೆನ್ನನ್ನು ಸೀಟಿಗೆ ಒತ್ತಿಕೊಂಡು ಸರ್ರನೆ ಏರಿತು. ಸಣ್ಣಗೆ ಒಂದು ಸಿಳ್ಳೆ. ಸಿಳ್ಳೆ ಪರವಾಗಿಲ್ಲ, ಸೈರನ್ನಿನಂತೆ ಕಿರುಚಿದರೆ ಮಾತ್ರ ಸಂಶಯಪಡಬೇಕಂತೆ. ಎಲ್ಲಕ್ಕಿಂತ ಹೆಚ್ಚಾಗಿ, ಮೇಷ್ಟ್ರು ಪ್ರತಿಯೊಂದು ಆಯಿಲ್ ಬಿಲ್ಲನ್ನೂ ತಾರೀಖಿನ ಪ್ರಕಾರ ಫೈಲ್ ಮಾಡಿಟ್ಟಿದ್ದರು. ನನಗೆ ಗಾಡಿಗಿಂತ ಮೊದಲು ಆ ಫೈಲೇ ಇಷ್ಟವಾಯಿತು.

ಏಳು ಲಕ್ಷಕ್ಕೆ ಮಾತಾಯಿತು. ಮಗ ಹಣ ಕೊಡಲು ಫೋನ್ ತೆಗೆದ. ನಾನು ತಡೆದೆ. ಆರ್.ಸಿ.ಯಲ್ಲಿ ಬ್ಯಾಂಕೊಂದರ ಹೆಸರು ಇನ್ನೂ ಹಾಗೇ ಇತ್ತು. "ಸಾಲ ತೀರಿಸಿ ಎಷ್ಟೋ ಕಾಲವಾಯ್ತಲ್ಲ!" ಎಂದು ಮೇಷ್ಟ್ರು ಬೆರಗಾದರು. ಸಾಲ ತೀರಿದ್ದು ಬ್ಯಾಂಕಿಗೆ ಗೊತ್ತು ಮೇಷ್ಟ್ರೇ, ಆರ್‌ಟಿಒಗೆ ಯಾರು ಹೇಳಬೇಕು? ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಫಾರಂ 35 ಕೊಟ್ಟು ಆ ಹೆಸರನ್ನು ತೆಗೆಸಬೇಕು. ಅದಕ್ಕೆ ಮೂರು ವಾರ ಹಿಡಿಯಿತು. ಆಮೇಲೆ ಮಾಲೀಕತ್ವ ಬದಲಾಯಿಸಲು ಫಾರಂ 29 ಮತ್ತು 30.

"ಅಪ್ಪ, ಮೇಷ್ಟ್ರು ಒಳ್ಳೆಯವರು. ಕಾಗದ ನಿಧಾನಕ್ಕೆ ಆಗುತ್ತೆ, ಗಾಡಿ ಮೊದಲು ತರೋಣ" ಎಂದ ಮಗ. ಆಗ ಅವನಿಗೆ ಹಿಂದೆಂದೂ ಹೇಳದ ಒಂದು ಕಥೆ ಹೇಳಿದೆ.

1987ರಲ್ಲಿ ನನ್ನ ಸ್ಕೂಟರನ್ನು ಪರಿಚಯದವರೊಬ್ಬರಿಗೆ ಮಾರಿದ್ದೆ. "ಫಾರಂಗೆ ಸಹಿ ಹಾಕಿ ಕೊಡಿ, ಆರ್‌ಟಿಒ ಕೆಲಸ ನಾನೇ ಮಾಡಿಸ್ತೀನಿ" ಎಂದರು. ನಂಬಿದೆ. ಒಂದೂವರೆ ವರ್ಷದ ನಂತರ ಬೆಳಿಗ್ಗೆ ಬೆಳಿಗ್ಗೆ ಪೊಲೀಸರು ಮನೆಗೆ ಬಂದರು. ಆ ಸ್ಕೂಟರ್ ಸೈಕಲ್ ಸವಾರನೊಬ್ಬನಿಗೆ ಗುದ್ದಿತ್ತು. ದೇವರ ದಯೆ, ಅವನು ಉಳಿದ. ಆದರೆ ಪುಸ್ತಕದಲ್ಲಿ ಮಾಲೀಕನ ಹೆಸರು ನನ್ನದೇ. ಬ್ಯಾಂಕಿನಲ್ಲಿ ಊರವರ ಸಾಲದ ಕಾಗದಗಳನ್ನೆಲ್ಲ ಜೋಡಿಸಿಡುತ್ತಿದ್ದ ನಾನು, ನನ್ನ ಒಂದು ಕಾಗದ ನೋಡದೆ ಎರಡು ವರ್ಷ ಕೋರ್ಟಿಗೆ ಅಲೆದೆ. ಆಗ ನಿನ್ನ ಅಮ್ಮನ ಬಳೆಗಳು ಎಲ್ಲಿ ಹೋದವೆಂದು ನೀನು ಕೇಳಿದ್ದೆ, ನಾನು ಉತ್ತರ ಕೊಟ್ಟಿರಲಿಲ್ಲ ಎಂದೆ. ಮಗ ಫೋನನ್ನು ಜೇಬಿಗಿಟ್ಟ.

ಅಜ್ಜ ಅಜ್ಜಿಯರೇ, ಕೊಳ್ಳುವವರಿಗೆ ಇದ್ದಷ್ಟೇ ಎಚ್ಚರ ಮಾರುವವರಿಗೂ ಬೇಕು. ಆರ್‌ಟಿಒ ಪುಸ್ತಕದಲ್ಲಿ ಹೆಸರು ಬದಲಾಗುವ ತನಕ ಕಾನೂನಿನ ಕಣ್ಣಿಗೆ ಹಳೆಯ ಮಾಲೀಕನೇ ಮಾಲೀಕ. ಸುಪ್ರೀಂ ಕೋರ್ಟ್ ಕೂಡ 2018ರ ಒಂದು ತೀರ್ಪಿನಲ್ಲಿ ಇದನ್ನೇ ಹೇಳಿದೆ. ಕೊಂಡವರು ವಿಮೆಯನ್ನೂ ಹದಿನಾಲ್ಕು ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಹಳೆಯ ಮಾಲೀಕನ ನೋ ಕ್ಲೇಮ್ ಬೋನಸ್ ಗಾಡಿಯ ಜೊತೆ ಬರುವುದಿಲ್ಲ, ಅದು ಅವರದ್ದು. ಬಾಕಿ ದಂಡಗಳಿವೆಯೇ, ಆರ್.ಸಿ.ಯಲ್ಲಿರುವ ಚಾಸಿ ನಂಬರ್ ಗಾಡಿಯ ಮೇಲಿನ ನಂಬರಿಗೆ ತಾಳೆಯಾಗುತ್ತದೆಯೇ ಎಂದೂ ನೋಡಿ. ಹೊರರಾಜ್ಯದ ಗಾಡಿಯಾದರೆ ಅಲ್ಲಿನ ಆರ್‌ಟಿಒ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ತೆರಿಗೆಯನ್ನೂ ಕಟ್ಟಬೇಕು. ಅಗ್ಗವಾಗಿ ಕಂಡದ್ದು ಅಲ್ಲೇ ದುಬಾರಿಯಾಗಬಹುದು.

ಗಾಡಿ ಮನೆಗೆ ಬಂತು. ಎಫ್.ಡಿ. ಹೋಯಿತು. ಹೋದ ತಿಂಗಳು ಉಡುಪಿಯಿಂದ ಬರುವಾಗ ಆರು ಜನವೂ ಒಟ್ಟಿಗೆ ಬಂದೆವು. ಮಳೆಯಲ್ಲಿ ಆಗುಂಬೆಯ ತಿರುವುಗಳನ್ನು ಗಾಡಿ ಎ.ಸಿ. ಆರಿಸದೆ ಏರಿತು. ಮೇಲೆ ಟೀ ಕುಡಿಯಲು ನಿಲ್ಲಿಸಿದಾಗ ಮಗ ಕೀಲಿಗೆ ಕೈ ಹಾಕಿದ. ಹಿಂದಿನ ಸೀಟಿನಿಂದ ಚಿನ್ನು ಕೂಗಿದ. "ಅಪ್ಪಾ, ತಡಿ! ಒಂದು, ಎರಡು, ಮೂರು..."

ಇದೂ ಮೆಕ್ಯಾನಿಕ್ ಹೇಳಿಕೊಟ್ಟದ್ದೇ. ದೀರ್ಘ ಏರು ಹತ್ತಿದ ಮೇಲೆ ಇಂಜಿನ್ನನ್ನು ತಕ್ಷಣ ಆರಿಸಬಾರದು. ಆರಿಸಿದರೆ ಆಯಿಲ್ ಹರಿಯುವುದು ನಿಲ್ಲುತ್ತದೆ, ಕೆಂಡದಂತೆ ಕಾದ ಟರ್ಬೊ ಒಳಗೆ ಉಳಿದ ಆಯಿಲ್ ಸೀದುಹೋಗುತ್ತದೆ. ಒಂದು ನಿಮಿಷ ಸುಮ್ಮನೆ ಓಡಲು ಬಿಟ್ಟು ತಣಿಸಬೇಕು. ಆ ಒಂದು ನಿಮಿಷದ ಉಸ್ತುವಾರಿ ಚಿನ್ನುವಿನದು. ಅವನು ಅರವತ್ತು ಎಣಿಸುವವರೆಗೆ ಯಾರೂ ಇಳಿಯುವುದಿಲ್ಲ. ಆ ಸಂಜೆ ನಮ್ಮ ಮನೆಯವಳೂ ಜೊತೆಗೆ ಎಣಿಸಿದಳು.

ಮಕ್ಕಳೇ, ಈ ವಾರದ ಕೆಲಸ. ನಿಮ್ಮ ಮನೆಯ ಬೈಕಿನದೋ ಕಾರಿನದೋ ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳ ಗುರುತು ಹುಡುಕಿ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ನಿಮ್ಮ ಟೈರಿಗೆ ಎಷ್ಟು ವಯಸ್ಸಾಯಿತೆಂದು ಲೆಕ್ಕ ಹಾಕಿ ಅಜ್ಜನಿಗೆ ಹೇಳಿ. ದೊಡ್ಡವರು ಹೊಳಪು ನೋಡುತ್ತಾ ಮೈಮರೆತಾಗ ಚಿಕ್ಕ ಅಕ್ಷರ ಓದುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು.