ಹವ್ಯಾಸಿಯ ಮೊದಲ ಕ್ಯಾಮೆರಾ

ಪ್ರತಿವರ್ಷ ಈ ಸ್ಮರಣ ಸಂಚಿಕೆಯ ಕೆಲಸ ಮೊದಲಾದಾಗ ನಮಗೆ ಅತಿ ಹೆಚ್ಚು ತೊಂದರೆ ಕೊಡುವ ಪುಟ ಯಾವುದೆಂದು ಕೇಳಿದರೆ ಜಾಹೀರಾತಿನ ಪುಟವೆಂದು ಬಹುಮಂದಿ ಊಹಿಸಬಹುದು. ಅಲ್ಲ, ಅದು ಶ್ರದ್ಧಾಂಜಲಿಯ ಪುಟ. ಅಗಲಿದ ಸದಸ್ಯರ ಹೆಸರು, ಹುಟ್ಟೂರು, ಮುಂಬಯಿಗೆ ಬಂದ ಇಸವಿ ಇವೆಲ್ಲ ಹೇಗೋ ದೊರೆಯುತ್ತವೆ. ದೊರೆಯದಿರುವುದು ಒಂದು ಸ್ಪಷ್ಟವಾದ ಭಾವಚಿತ್ರ. ಮನೆಯವರು ಕಳುಹಿಸುವುದು ಚುನಾವಣಾ ಗುರುತುಚೀಟಿಯಿಂದ ಕತ್ತರಿಸಿದ ಮುಖ, ಇಲ್ಲವೆ ಯಾವುದೋ ಮದುವೆಯ ಗುಂಪಿನಲ್ಲಿ ಹಿಂದೆ ನಿಂತವರನ್ನು ಹಿಗ್ಗಿಸಿ ವಾಟ್ಸಾಪಿನಲ್ಲಿ ದಾಟಿಸಿದ ಒಂದು ಮಸುಕು.

ಕೆಲವು ವರ್ಷಗಳ ಹಿಂದೆ ಆ ಪುಟ ಸೇರಿದವರೊಬ್ಬರು ಕುಂದಾಪುರದ ಕಡೆಯವರು. ಹನ್ನೆರಡರ ಹರೆಯದಲ್ಲಿ ಬಂದು, ಕೋಟೆ ಪ್ರದೇಶದ ಕ್ಯಾಂಟೀನಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿ, ಕೊನೆಗೆ ಅದೇ ಕ್ಯಾಂಟೀನಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು. ನಮ್ಮ ಸಂಘದ ಯಕ್ಷಗಾನದಲ್ಲಿ ವರ್ಷಾನುವರ್ಷ ಸ್ತ್ರೀವೇಷ ಕಟ್ಟಿದವರು. ಬಣ್ಣ ಹಚ್ಚಿಕೊಳ್ಳುತ್ತಿದ್ದಾಗ ಅವರು ಒಮ್ಮೆ, "ನನ್ನದೊಂದು ಪಟ ತೆಗೆದು ಕೊಡು ಮಾರಾಯ, ಊರಿನ ಚಾವಡಿಯಲ್ಲಿ ಹಾಕುವ" ಎಂದು ಕೇಳಿದ್ದರು. "ಒಳ್ಳೆಯ ಕ್ಯಾಮೆರಾ ಕೊಳ್ಳುತ್ತೇನೆ ಅಣ್ಣಾ, ಆಮೇಲೆ ಚೆನ್ನಾಗಿ ತೆಗೆಯುತ್ತೇನೆ" ಎಂದು ನಾನು ಹೇಳಿದೆ. ಬಳಿಕ ಮೂರು ವರ್ಷ ನಾನು ಮಾಡಿದ ಕೆಲಸವೆಂದರೆ ಮಾದರಿಗಳನ್ನು ಹೋಲಿಸಿದ್ದು. ಇದು ಬರಲಿ, ಅದರ ಬೆಲೆ ಇಳಿಯಲಿ ಎಂದು ಕಾದದ್ದು. ಅಷ್ಟರಲ್ಲಿ ಅಣ್ಣ ಊರಿಗೆ ಹೋದರು; ಅಲ್ಲಿಯೇ ತೀರಿಕೊಂಡರು. ಸಂಚಿಕೆಯಲ್ಲಿ ಅಚ್ಚಾದದ್ದು ಅಂಚೆಚೀಟಿಯಷ್ಟು ದೊಡ್ಡ ಬೂದುಬಣ್ಣದ ಒಂದು ಮುಖ. ಅದು ಅವರದೆಂದು ಕೆಳಗಿನ ಹೆಸರಿನಿಂದ ತಿಳಿಯಬೇಕಾಗಿತ್ತು.

ಈ ಲೇಖನಕ್ಕೆ ಅದೇ ಪ್ರೇರಣೆ. ನಮ್ಮ ಸಂಘದ ತರುಣರು, ನಿವೃತ್ತಿಯ ಅಂಚಿನಲ್ಲಿರುವ ಬ್ಯಾಂಕಿನ ಮಿತ್ರರು, "ಛಾಯಾಗ್ರಹಣವನ್ನು ಹವ್ಯಾಸವಾಗಿ ಆರಂಭಿಸಬೇಕು, ಮೊದಲು ಯಾವ ಕ್ಯಾಮೆರಾ ಕೊಳ್ಳಲಿ?" ಎಂದು ಆಗಾಗ ಕೇಳುತ್ತಾರೆ. ನನ್ನ ಉತ್ತರ ಕೆಲವರಿಗೆ ರುಚಿಸುವುದಿಲ್ಲ. ಒಂದು ಸಣ್ಣ ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು, ಬಳಸಿದ್ದಾದರೂ ಸರಿ, ಈ ತಿಂಗಳೇ ಕೊಳ್ಳಿರಿ. ಉಳಿಸಿದ ಹಣವನ್ನು ಒಂದು ಒಳ್ಳೆಯ ಲೆನ್ಸಿಗೆ ಹಾಕಿರಿ.

ಇದಕ್ಕೆ ಇಬ್ಬರಿಂದ ಆಕ್ಷೇಪ ಬರುತ್ತದೆ. ಕೈಯಲ್ಲಿ ಮೊಬೈಲು ಇರುವಾಗ ಕ್ಯಾಮೆರಾದ ಹಂಗೇಕೆಂದು ಒಬ್ಬರು. ಹಗಲು ಬೆಳಕಿನಲ್ಲಿ ಅವರ ಮಾತನ್ನು ಒಪ್ಪಬಹುದು. ಆದರೆ ಬೆಳಕನ್ನು ಹಿಡಿಯುವ ಸಂವೇದಕ ಮೊಬೈಲಿನಲ್ಲಿ ಕಿರುಬೆರಳಿನ ಉಗುರಿನಷ್ಟು. ಸಾಧಾರಣ ಡಿಎಸ್‌ಎಲ್‌ಆರ್‌ನಲ್ಲಿ ಅದು ಸುಮಾರು 23 ಮಿಲಿಮೀಟರ್ ಉದ್ದ, 15 ಮಿಲಿಮೀಟರ್ ಅಗಲ. ಸಭಾಗೃಹದ ಹತ್ತನೆಯ ಸಾಲಿನಲ್ಲಿ ಕುಳಿತು ರಂಗದ ಮೇಲಿನ ಮುಖವನ್ನು ತೆಗೆಯಹೋದಾಗ ಈ ಅಂತರ ಏನೆಂಬುದು ಅರಿವಾಗುತ್ತದೆ. ಇನ್ನೊಬ್ಬರು ತಿಳಿದವರು. ಕನ್ನಡಿಯುಳ್ಳ ಕ್ಯಾಮೆರಾದ ಕಾಲ ಮುಗಿಯಿತು, ಈಗೇನಿದ್ದರೂ ಮಿರರ್‌ಲೆಸ್ ಎನ್ನುತ್ತಾರೆ. ನಿಜವೇ. 2020ರ ಬಳಿಕ ಕ್ಯಾನನ್ ಮತ್ತು ನಿಕಾನ್ ಹೊಸ ಡಿಎಸ್‌ಎಲ್‌ಆರ್ ಮಾದರಿಯನ್ನು ತಂದಿಲ್ಲ. ಪೆಂಟಾಕ್ಸ್ ಮಾತ್ರ 2021ರಲ್ಲಿಯೂ 2023ರಲ್ಲಿಯೂ ಒಂದೊಂದು ತಂದಿತು. ಆದರೆ ಸಂಬಳದ ಮನುಷ್ಯನಿಗೆ ಅನುಕೂಲವಾಗಿರುವುದೇ ಇದು. ಸ್ಥಿತಿವಂತರು ಹೊಸದಕ್ಕೆ ಹಾರಿದ್ದರಿಂದ ಹಳೆಯ ಒಳ್ಳೆಯ ಕ್ಯಾಮೆರಾಗಳು ಮಾರಾಟಕ್ಕೆ ಬಂದಿವೆ. ಲೆನ್ಸುಗಳೂ ವ್ಯರ್ಥವಾಗುವುದಿಲ್ಲ. 1987ರಿಂದ ಬಂದ ಕ್ಯಾನನ್ ಇಎಫ್ ಲೆನ್ಸುಗಳು ಒಂದು ಅಡಾಪ್ಟರಿನ ನೆರವಿನಿಂದ ಆ ಸಂಸ್ಥೆಯ ಮಿರರ್‌ಲೆಸ್ ಕ್ಯಾಮೆರಾದ ಮೇಲೂ ಕೆಲಸ ಮಾಡುತ್ತವೆ.

ಮೆಗಾಪಿಕ್ಸೆಲ್ಲಿನ ವ್ಯಾಮೋಹವನ್ನು ಒಂದು ಲೆಕ್ಕದಿಂದ ಬಿಡಿಸಬಹುದು. ಎ4 ಅಳತೆಯ ಇಡೀ ಪುಟವೊಂದನ್ನು ಅಂಗುಲಕ್ಕೆ 300 ಬಿಂದುಗಳಂತೆ ಅಚ್ಚಿಸಲು 2480 ಮತ್ತು 3508ರ ಗುಣಲಬ್ಧ, ಅಂದರೆ ಸುಮಾರು 87 ಲಕ್ಷ ಬಿಂದುಗಳು ಬೇಕು. 9 ಮೆಗಾಪಿಕ್ಸೆಲ್ಲಿಗೂ ಕಡಿಮೆ! 2010ರಲ್ಲಿ ಬಂದ ನಿಕಾನ್ ಡಿ3100ರಲ್ಲಿ 14 ಮೆಗಾಪಿಕ್ಸೆಲ್ ಇತ್ತು. ಇಂದಿನ 24, 45 ಎಂಬ ಅಂಕಿಗಳು ಗೋಡೆಯಗಲದ ಚಿತ್ರ ಅಚ್ಚಿಸುವವರಿಗೆ ಬೇಕು. ಹತ್ತಡಿಗೆ ಹನ್ನೆರಡಡಿಯ ನಮ್ಮ ಕೋಣೆಗಳಲ್ಲಿ ಅಂಥ ಗೋಡೆ ಎಲ್ಲಿದೆ?

ಲೆನ್ಸಿನ ಮಾತು ಹಾಗಲ್ಲ. ಇಲ್ಲಿ ಸ್ವಲ್ಪ ನಿಲ್ಲಬೇಕು. ಕ್ಯಾಮೆರಾದ ಜೊತೆಗೆ ಸಾಮಾನ್ಯವಾಗಿ ಕೊಡುವುದು 18ರಿಂದ 55 ಮಿಲಿಮೀಟರಿನ ಜೂಮ್ ಲೆನ್ಸು. ಬಿಸಿಲಿನಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ. ಆದರೆ ಮುಂಬಯಿಯ ಕನ್ನಡಿಗ ಹವ್ಯಾಸಿ ಯಾವುದರ ಚಿತ್ರ ತೆಗೆಯುತ್ತಾನೆ? ಪತ್ತನಾಜೆಗೆ ಊರಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಕಲಾವಿದರು ತಂಡ ಕಟ್ಟಿಕೊಂಡು ಇಲ್ಲಿಗೆ ಬರುತ್ತಾರೆ. ಮಾಟುಂಗಾದಿಂದ ಹಿಡಿದು ಉಪನಗರಗಳ ತುದಿಯವರೆಗೆ ಸಭಾಗೃಹಗಳಲ್ಲಿ ಆಟ. ರಂಗದ ಮೇಲೆ ಬೆಳಕು ಸಾಕಷ್ಟಿದೆಯೆಂದು ಕಣ್ಣಿಗೆ ತೋರುತ್ತದೆ, ಕ್ಯಾಮೆರಾಕ್ಕೆ ಸಾಲದು. ಜೂಮ್ ಲೆನ್ಸು 55 ಮಿಲಿಮೀಟರಿಗೆ ಬಂದಾಗ ಅದರ ದ್ಯುತಿರಂಧ್ರ ಎಫ್ 5.6ಕ್ಕಿಂತ ಹೆಚ್ಚು ತೆರೆಯದು. 50 ಮಿಲಿಮೀಟರಿನ ಎಫ್ 1.8 ಲೆನ್ಸು ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಜೂಮ್ ಲೆನ್ಸು ಸೆಕೆಂಡಿನ 25ನೆಯ ಒಂದು ಭಾಗ ಕೇಳುವಲ್ಲಿ ಇದಕ್ಕೆ 250ನೆಯ ಒಂದು ಭಾಗ ಸಾಕು. ಮೊದಲನೆಯದರಲ್ಲಿ ಪುಂಡುವೇಷದ ದಿಗಿಣವೆಂಬುದು ಕೆಂಪು ಬಣ್ಣದ ಒಂದು ಸುಳಿ. ಎರಡನೆಯದರಲ್ಲಿ ಗಾಳಿಯಲ್ಲಿ ನಿಂತ ಮನುಷ್ಯ, ಅವನ ಹಣೆಯ ಬೆವರು ಸಹಿತ. ಐಎಸ್‌ಒ 1600 ಅಥವಾ 3200ಕ್ಕೆ ಇಡಿರಿ, ರಾ ರೂಪದಲ್ಲಿ ತೆಗೆಯಿರಿ. ರಂಗದ ಬಣ್ಣಬಣ್ಣದ ದೀಪಗಳಿಂದ ಕೆಟ್ಟ ಮುಖವರ್ಣವನ್ನು ಆಮೇಲೆ ಸರಿಪಡಿಸಬಹುದು. ಫ್ಲಾಷ್ ಮಾತ್ರ ಬೇಡವೇ ಬೇಡ. ಕಣ್ಣಿಗೆ ಹೊಡೆಯುವ ಆ ಮಿಂಚು ವೇಷಧಾರಿಗೂ ಸಭಿಕರಿಗೂ ಮಾಡುವ ಅವಮಾನ. ಕ್ಯಾಮೆರಾದ ಕನ್ನಡಿ ಏಳುವ ಟಪ್ ಎಂಬ ಸದ್ದಿನ ಚಿಂತೆ ಯಕ್ಷಗಾನದಲ್ಲಿಲ್ಲ, ಚೆಂಡೆ ಅದನ್ನು ನುಂಗಿಬಿಡುತ್ತದೆ; ಸಂಗೀತ ಕಛೇರಿಯಲ್ಲಿ ತಾಳ್ಮೆ ಬೇಕು.

ಮನೆಯೊಳಗೆ ಮತ್ತೊಂದು ಕಷ್ಟವಿದೆ. ಈ ಸಣ್ಣ ಸಂವೇದಕದ ಮೇಲೆ 50 ಮಿಲಿಮೀಟರಿನ ಲೆನ್ಸು ಫಿಲ್ಮಿನ ಕಾಲದ 75 ಅಥವಾ 80ರಂತೆ ವರ್ತಿಸುತ್ತದೆ. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಹಿಂದೆ ಸರಿಯಹೋದರೆ ಬೆನ್ನಿಗೆ ಗೋದ್ರೇಜ್ ಕಪಾಟು ತಾಗುತ್ತದೆ. ಆದುದರಿಂದ ಮನೆಮಂದಿಯ ಚಿತ್ರವೇ ಮುಖ್ಯವಾದವರು ನಿಕಾನಿನಲ್ಲಿ 35 ಮಿಲಿಮೀಟರಿನ ಎಫ್ 1.8, ಕ್ಯಾನನ್ನಿನಲ್ಲಿ 24 ಮಿಲಿಮೀಟರಿನ ಎಫ್ 2.8 ಲೆನ್ಸನ್ನು ನೋಡುವುದು ಉತ್ತಮ. ಥಾಣೆ ಖಾರಿಯ ಫ್ಲೆಮಿಂಗೊಗಳ ಮೇಲೆ ಕಣ್ಣಿರುವವರಿಗೆ ಕನಿಷ್ಠ 300 ಮಿಲಿಮೀಟರಿನ ಲೆನ್ಸು ಬೇಕು. ಅದು ಬೇರೆಯೇ ಖರ್ಚು, ಎರಡನೆಯ ವರ್ಷದ ಮಾತು.

ಕೊಳ್ಳುವಾಗ ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಅಣ್ಣ ತೀರಿಕೊಂಡ ಮೇಲೆ ಅವಸರದಲ್ಲಿ, ಬಳಸಿದ ಡಿ3100 ಒಂದನ್ನೂ 50 ಮಿಲಿಮೀಟರಿನ ಎಫ್ 1.8 ಡಿ ಎಂಬ ಲೆನ್ಸನ್ನೂ ಕೊಂಡೆ. ಮನೆಗೆ ಬಂದು ನೋಡಿದರೆ ಲೆನ್ಸು ತಾನಾಗಿ ಫೋಕಸ್ ಮಾಡದು! ನಿಕಾನಿನ ಡಿ40, ಡಿ3000 ಮತ್ತು ಡಿ5000 ಸಾಲಿನ ಸಣ್ಣ ಕ್ಯಾಮೆರಾಗಳ ಒಳಗೆ ಫೋಕಸಿನ ಮೋಟಾರು ಇಲ್ಲ. ಡಿ ಅಕ್ಷರದ ಆ ಹಳೆಯ ಲೆನ್ಸಿನಲ್ಲಿಯೂ ಇಲ್ಲ. 2011ರ ಜಿ ಅಕ್ಷರದ ಲೆನ್ಸು ಬೇಕಾಗಿತ್ತು. ಅಂಗಡಿಯವನನ್ನು ದೂರುವಂತಿಲ್ಲ, ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಆರು ತಿಂಗಳು ಕೈಯಿಂದಲೇ ತಿರುಗಿಸಿ ಫೋಕಸ್ ಮಾಡಿದೆ. ಅದರಿಂದ ಕಲಿತದ್ದೂ ಉಂಟೆನ್ನಿ. ಹಾಗೆಯೇ, ತಂದೆಯವರ ಫಿಲ್ಮ್ ಕಾಲದ ಕ್ಯಾನನ್ ಎಫ್‌ಡಿ ಲೆನ್ಸು ಮನೆಯಲ್ಲಿದೆಯೆಂದು ಕ್ಯಾನನ್ ಡಿಎಸ್‌ಎಲ್‌ಆರ್ ಕೊಳ್ಳುವವರು ನಿರಾಶರಾದಾರು. ಅದು ಇದಕ್ಕೆ ಕೂಡುವುದಿಲ್ಲ.

ಬೋರಾ ಬಜಾರಿನ ಓಣಿಗೆ ಹೋಗುವವರು ಒಂದು ಮೆಮರಿ ಕಾರ್ಡನ್ನೂ ಸಣ್ಣ ಟಾರ್ಚನ್ನೂ ಕಿಸೆಯಲ್ಲಿ ಒಯ್ಯಬೇಕು. ಎಫ್ 16ಕ್ಕೆ ಇಟ್ಟು ಬಿಳಿಯ ಗೋಡೆಯದೋ ಆಕಾಶದ್ದೋ ಒಂದು ಚಿತ್ರ ತೆಗೆದರೆ ಸಂವೇದಕದ ಮೇಲಿನ ಧೂಳು ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಧೂಳಾದರೆ ತೆಗೆಯಬಹುದು, ಗೀರಾದರೆ ಬೇಡ. ಷಟರು ಎಷ್ಟು ಸಲ ತೆರೆದಿದೆಯೆಂಬ ಲೆಕ್ಕ ನಿಕಾನಿನ ಚಿತ್ರಕಡತದಲ್ಲಿಯೇ ಅಡಗಿರುತ್ತದೆ. ಕ್ಯಾನನ್ನಿನಲ್ಲಿ ಅಷ್ಟು ಸುಲಭವಲ್ಲ. ಸಣ್ಣ ಕ್ಯಾಮೆರಾಕ್ಕೆ ಒಂದು ಲಕ್ಷವೆಂದರೆ ಆಯುಸ್ಸಿನ ಬಹುಭಾಗ ಕಳೆದಂತೆ. ಬಿಲ್ಲು ಕೇಳಿರಿ. ಇನ್ನು ಟಾರ್ಚು ಲೆನ್ಸಿನ ಪರೀಕ್ಷೆಗೆ: ಒಂದು ಬದಿಯಿಂದ ಬೆಳಕು ಹಾಯಿಸಿ ಇನ್ನೊಂದು ಬದಿಯಿಂದ ನೋಡಿದಾಗ ಒಳಗೆ ಜೇಡನ ಬಲೆಯಂಥ ಎಳೆಗಳು ಕಂಡರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಮರಳಿ ಕೊಟ್ಟುಬಿಡಿ.

ಆ ಎಳೆಗಳೇ ಬೂಷ್ಟು. ಕ್ಯಾಮೆರಾಕ್ಕೆ ಮುಂಬಯಿಯಲ್ಲಿ ಕಳ್ಳರಿಗಿಂತ ದೊಡ್ಡ ಶತ್ರು ಇದು. ಜುಲೈ ತಿಂಗಳಲ್ಲಿ ಇಲ್ಲಿಯ ಗಾಳಿಯ ತೇವಾಂಶ ಶೇಕಡಾ 80ನ್ನು ಮೀರುತ್ತದೆ. ಗಾಜಿನ ಮೇಲೆ ಬೂಷ್ಟು ಚಿಗುರಲು ಶೇಕಡಾ 65 ಸಾಕು. ನನ್ನ ಬಾವನವರು ತಮ್ಮ ಲೆನ್ಸನ್ನು ಚರ್ಮದ ಚೀಲದಲ್ಲಿಟ್ಟು, ಸುತ್ತ ನುಸಿಗುಳಿಗೆ ಇರಿಸಿ, ರೇಷ್ಮೆ ಸೀರೆಗಳ ನಡುವೆ ಕಪಾಟಿನಲ್ಲಿ ಬೀಗ ಹಾಕಿ ಕಾಪಾಡಿದರು. ಎರಡು ಮಳೆಗಾಲ ಕಳೆದಾಗ ಸೀರೆಗಳು ಉಳಿದಿದ್ದವು. ಕತ್ತಲೆ, ತೇವ, ನಿಂತ ಗಾಳಿ, ಮೇಲಾಗಿ ಚರ್ಮ, ಬೂಷ್ಟಿಗೆ ಇದಕ್ಕಿಂತ ಉತ್ತಮ ಆತಿಥ್ಯ ಬೇಕೆ? ಅದು ಸ್ರವಿಸುವ ಆಮ್ಲ ಗಾಜಿನ ಲೇಪನವನ್ನು ತಿನ್ನುತ್ತದೆ. ಆಮೇಲೆ ಒರೆಸಿದರೂ ಕಲೆ ಹೋಗದು. ಅಡುಗೆಮನೆಯ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ಒಂದು, ಅದರೊಳಗೆ ಸಿಲಿಕಾ ಜೆಲ್ಲಿನ ಪೊಟ್ಟಣ, ತೇವಾಂಶ ತೋರಿಸುವ ಸಣ್ಣ ಮಾಪಕ: ಇಷ್ಟೇ ಔಷಧ. ಮುಳ್ಳು 40 ಮತ್ತು 50ರ ನಡುವೆ ನಿಲ್ಲಬೇಕು. ನೀಲಿ ಬಣ್ಣದ ಹರಳುಗಳಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಸ್ತುವಿರುವುದರಿಂದ ಅವನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು, ದೋಸೆಯ ಕಾವಲಿಯ ಮೇಲೆ ಹುರಿಯಬಾರದು. ಹವಾನಿಯಂತ್ರಿತ ಸಭಾಗೃಹದಿಂದ ಹೊರಬಂದೊಡನೆ ಕ್ಯಾಮೆರಾ ತೆರೆದರೆ ಲೆನ್ಸು ಮಂಜುಗಟ್ಟುತ್ತದೆ. ಅರ್ಧ ಗಂಟೆ ಚೀಲದಲ್ಲಿಯೇ ಇರಲಿ. ಎಲ್ಲಕ್ಕಿಂತ ಮಿಗಿಲಾದ ಮದ್ದು ಬಳಕೆ. ವಾರಕ್ಕೊಮ್ಮೆ ಬೆಳಕು ಗಾಳಿ ಕಂಡ ಲೆನ್ಸಿಗೆ ಬೂಷ್ಟಿನ ಭಯ ಕಡಿಮೆ.

ಈ ಸಂಚಿಕೆಯ ವೈದ್ಯರ ಪುಟಗಳಿಗೆ ಸೇರಬೇಕಾದ ಒಂದು ಮಾತೂ ಇದೆ. ದೊಡ್ಡ ಕ್ಯಾಮೆರಾ ಮತ್ತು ಭಾರದ ಜೂಮ್ ಲೆನ್ಸು ಸೇರಿದರೆ ಒಂದೂವರೆ ಎರಡು ಕಿಲೋ ತೂಗುತ್ತದೆ. ಅದನ್ನು ಕೊರಳಿಗೆ ನೇತುಹಾಕಿಕೊಂಡು ವಿರಾರ್ ಲೋಕಲಿನಲ್ಲಿ ನಿಂತು ಬರುವವರ ಕತ್ತು, ಭುಜ ಏನಾದೀತು? ಡಿ3100 ಬ್ಯಾಟರಿ ಸಹಿತ ಸುಮಾರು 500 ಗ್ರಾಂ. ಊಟದ ಡಬ್ಬಿಯ ಪಕ್ಕದಲ್ಲಿ ಚೀಲದೊಳಗೆ ಕೂರುತ್ತದೆ. ಭಾರವೆಂದು ಮನೆಯಲ್ಲಿ ಬಿಟ್ಟುಬಂದ ಕ್ಯಾಮೆರಾ ಎಷ್ಟು ಶ್ರೇಷ್ಠವಾದರೇನು?

ಮೈಸೂರಿನ ಟಿ. ಎಸ್. ಸತ್ಯನ್ ಅವರು ಇದೇ ಊರಿನ ಇಲ್ಲಸ್ಟ್ರೇಟೆಡ್ ವೀಕ್ಲಿಯಲ್ಲಿ ದುಡಿದವರು. 1977ರಲ್ಲಿ ಪದ್ಮಶ್ರೀ ಪಡೆದವರು. ಅವರ ಚಿತ್ರಗಳಲ್ಲಿ ಇರುವವರು ಹೆಚ್ಚಾಗಿ ಸಾಮಾನ್ಯ ಜನ, ಮಕ್ಕಳು, ದುಡಿಯುವವರು. ಅಂಥ ಜನರಿಗೆ ನಮ್ಮಲ್ಲಿ ಕೊರತೆಯಿಲ್ಲ. ಮಾಟುಂಗಾದಲ್ಲಿ 1942ರಿಂದ ನಡೆದುಬಂದಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಊಟ ಮಾಡಿದ ನಮ್ಮವರು ಎಷ್ಟು ಮಂದಿ! ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತವರು, ಗಿರಣಿಯ ಪಾಳಿ ಮುಗಿಸಿ ತಾಳಮದ್ದಳೆಗೆ ಬಂದವರು ಇನ್ನೂ ನಮ್ಮ ನಡುವೆ ಇದ್ದಾರೆ. ಎಲ್ಲರೂ ಎಪ್ಪತ್ತು ದಾಟಿದವರು.

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ನನ್ನದೊಂದು ಸೂಚನೆ. ಸಂಘ ಹಾರ್ಮೋನಿಯಂ ಕೊಂಡಿದೆ, ಚೆಂಡೆ ಮದ್ದಳೆ ಕೊಂಡಿದೆ. ಬಳಸಿದ ಒಂದು ಡಿಎಸ್‌ಎಲ್‌ಆರನ್ನೂ ಒಂದು 50 ಮಿಲಿಮೀಟರ್ ಲೆನ್ಸನ್ನೂ ಕೊಳ್ಳಲಿ. ವಾರ್ಷಿಕೋತ್ಸವದ ದಿನ ಬೆಳಿಗ್ಗೆ, ಸಭಾಗೃಹದ ಪೂರ್ವದ ಕಿಟಕಿಯ ಬಳಿ ಒಂದು ಕುರ್ಚಿ ಹಾಕಿ, ಅರವತ್ತು ದಾಟಿದ ಪ್ರತಿಯೊಬ್ಬ ಸದಸ್ಯರದೂ ಸದಸ್ಯೆಯರದೂ ಒಂದೊಂದು ಭಾವಚಿತ್ರ ತೆಗೆಯಲಿ; ಕಾಗದದ ಮೇಲೆ ಅಚ್ಚಿಸಿ ಅವರ ಕೈಗೇ ಕೊಡಲಿ. ತರುಣರು ಸರದಿಯಂತೆ ಅದನ್ನು ಬಳಸಿ ಕಲಿಯಲಿ. ತಮ್ಮ ಮೊದಲ ಕ್ಯಾಮೆರಾ ಯಾವುದಿರಬೇಕೆಂಬುದು ಅವರಿಗೆ ಆಗ ತಾನಾಗಿ ತಿಳಿಯುತ್ತದೆ. ಮಳೆಗಾಲದಲ್ಲಿ ಅದನ್ನು ಯಾರ ಮನೆಯಲ್ಲಿ ಇಡುವುದೆಂದು ಕೋಶಾಧಿಕಾರಿಗಳು ಖಂಡಿತ ಕೇಳುತ್ತಾರೆ. ನನ್ನಲ್ಲಿ ಡಬ್ಬ ಇದೆ. ಇನ್ನೊಂದು ಕ್ಯಾಮೆರಾಕ್ಕೆ ಅದರಲ್ಲಿ ಸ್ಥಳವೂ ಇದೆ.