ಕರೆದರೆ ತಿರುಗದ ಮಗು

ಮಕ್ಕಳೇ, ಈ ವಾರ ಈ ಅಜ್ಜ ತನ್ನದೇ ತಪ್ಪೊಂದನ್ನು ಹೇಳುತ್ತಾನೆ. ಅಜ್ಜ-ಅಜ್ಜಿಯರೂ ಓದಬೇಕು.

ಕೆಲವು ವರ್ಷಗಳ ಹಿಂದಿನ ಮಾತು. ಕುಬಿಹಾಳದ ನಮ್ಮ ಮನೆಯ ಅಂಗಳದ ತುಂಬ ಮೆಣಸಿನಕಾಯಿ ಒಣಹಾಕಿದ್ದೆವು. ಆಕಳೊಂದು ಒಳಗೆ ನುಗ್ಗಿತು. ಅಲ್ಲೇ ಆಡುತ್ತಿದ್ದ ಆರು ವರ್ಷದ ಮೊಮ್ಮಗನಿಗೆ, ‘ಅದನ್ನ ಹೊರಗ ಹೊಡಿಯೋ’ ಎಂದು ಮೂರು ಸಲ ಕೂಗಿದೆ. ಅವನು ತಿರುಗಲೇ ಇಲ್ಲ. ಸಿಟ್ಟು ನೆತ್ತಿಗೇರಿ ಬೆನ್ನಿಗೆ ಬಾರಿಸಿದೆ. ಅವನು ಅಳಲಿಲ್ಲ. ‘ಅಜ್ಜಾ, ನಾ ಏನ್ ಮಾಡೀನಿ?’ ಎಂದ.

‘ಹೇಳಿದ್ದು ಕೇಳೂದಿಲ್ಲ, ಭಾಳ ಹಠ’ ಎಂದೇ ಎಲ್ಲರೂ ಅವನನ್ನು ಬೈಯುತ್ತಿದ್ದೆವು. ಅವನ ತಲೆದಿಂಬಿನ ಮೇಲೆ ವಾಸನೆಯ ಕಲೆ ಕಂಡವಳು ಅವನ ಅಜ್ಜಿ. ವೈದ್ಯರು ನೋಡಿ, ಕಿವಿ ಸೋರಿ ಸೋರಿ ತಮಟೆ ತೂತಾಗಿದೆ, ಕೇಳಿಸುವುದು ಕಡಿಮೆಯಾಗಿದೆ ಎಂದರು. ಬ್ಯಾಂಕಿನಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೂ ಅದು ಸಿಗುವ ತನಕ ನಾವು ಮನೆಗೆ ಹೋಗುತ್ತಿರಲಿಲ್ಲ. ಮನೆಯೊಳಗಿನ ಮಗುವಿನ ವ್ಯತ್ಯಾಸ ನನಗೆ ಕಾಣಲಿಲ್ಲ.

ಇದು ನನ್ನೊಬ್ಬನ ಮನೆಯ ಕಥೆಯಲ್ಲ. ಅಂಗವೈಕಲ್ಯವಿರುವ ಮಕ್ಕಳು ಹಿಂಸೆಗೆ ಸಿಲುಕುವ ಸಾಧ್ಯತೆ ಉಳಿದ ಮಕ್ಕಳಿಗಿಂತ ಸುಮಾರು 3.7 ಪಟ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲದಿಂದ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಕೇಳಿಸದ ಮಗುವನ್ನು ಹಠಮಾರಿ ಎನ್ನುತ್ತೇವೆ. ಮಾತು ಬಾರದ ಮಗು ದೂರು ಹೇಳಲಾರದು. ಸ್ನಾನಕ್ಕೂ ಬಟ್ಟೆಗೂ ಇನ್ನೊಬ್ಬರನ್ನು ನೆಚ್ಚಿದ ಮಗು ತಪ್ಪಿಸಿಕೊಳ್ಳಲಾರದು. ತಿರುಗಿ ನೋಡಿದರೆ, ಏಟಿನಿಂದಲೇ ವೈಕಲ್ಯ ಬರುವುದೂ ಉಂಟು. ಕಪಾಳಕ್ಕೆ ಹೊಡೆದರೆ ಕಿವಿಯ ತಮಟೆ ಹರಿಯಬಹುದು. ಹಸುಗೂಸನ್ನು ಜೋರಾಗಿ ಅಲುಗಾಡಿಸಿದರೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು.

ಹಿರಿಯರೇ, ಆರು ತಿಂಗಳಾದರೂ ಸದ್ದಿನ ಕಡೆ ತಿರುಗದ, ಒಂದೂವರೆ ವರ್ಷವಾದರೂ ನಡೆಯದ, ಒಂದೂ ಮಾತಾಡದ ಮಗುವನ್ನು ‘ಅವರಪ್ಪನೂ ಹಿಂಗ ಇದ್ದ’ ಎಂದು ಬಿಡಬೇಡಿ. ಸೋರುವ ಕಿವಿಗೆ ಎಣ್ಣೆ ಬಿಡಬೇಡಿ. ಅಂಗನವಾಡಿಗೂ ಸರ್ಕಾರಿ ಶಾಲೆಗೂ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಬರುತ್ತದೆ; ಅಂದು ಮಗುವನ್ನು ತಪ್ಪದೆ ಕಳಿಸಿ.

ಹೇಳುವ ಕಾರಣಕ್ಕೆ ಹೊಂದದ ಗಾಯ, ಒಬ್ಬರನ್ನು ಕಂಡರೆ ಮಾತ್ರ ಹೆದರಿಕೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಒಮ್ಮೆಲೇ ಮೌನ – ಇವು ಕಂಡರೆ ಬೈಯದೆ, ಹತ್ತಿರ ಕೂರಿಸಿಕೊಂಡು ಕೇಳಿ. ಮಗು ಹೇಳಿದ್ದನ್ನು ನಂಬಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆ. ಮಗುವಿನ ಹೆಸರನ್ನು ಪತ್ರಿಕೆಗಳು ಬಯಲು ಮಾಡುವಂತಿಲ್ಲ. ಮಾನಕ್ಕೆ ಅಂಜಿ ಮುಚ್ಚಿಡಬೇಡಿ.

ಮಕ್ಕಳೇ, ನಿಮ್ಮನ್ನು ಯಾರಾದರೂ ಕೆಟ್ಟದಾಗಿ ಮುಟ್ಟಿ ‘ಯಾರಿಗೂ ಹೇಳಬ್ಯಾಡ’ ಎಂದರೆ, ಅದನ್ನು ಹೇಳಲೇಬೇಕು. ತಪ್ಪು ನಿಮ್ಮದಲ್ಲ. ಒಬ್ಬರು ನಂಬದಿದ್ದರೆ ಇನ್ನೊಬ್ಬರಿಗೆ ಹೇಳಿ. ಹಗಲು ರಾತ್ರಿ ಯಾವಾಗ ಬೇಕಾದರೂ 1098ಕ್ಕೆ ಫೋನ್ ಮಾಡಿ, ದುಡ್ಡು ಬೇಡ. ಮಾತಾಡಲಾಗದ ಗೆಳೆಯನ ಪರವಾಗಿ ನೀವೂ ಮಾಡಬಹುದು.

ಚಿಕಿತ್ಸೆಯಾದ ಮೇಲೆ ನಮ್ಮ ಹುಡುಗನಿಗೆ ಈಗ ಬಹುಮಟ್ಟಿಗೆ ಕೇಳಿಸುತ್ತದೆ. ‘ತಪ್ಪಾತಪ್ಪಾ’ ಎಂದು ಅವನಿಗೆ ಹೇಳಿದ್ದೇನೆ. ಈಗಲೂ ಅವನನ್ನು ದೂರದಿಂದ ಕೂಗುವುದಿಲ್ಲ. ಎದುರಿಗೆ ಹೋಗಿ, ಮುಖ ನೋಡಿ ಮಾತಾಡುತ್ತೇನೆ.