ಆಡದ ಪುಸ್ತಕಗಳಿಗೆ ಗತಿಯೇನು?

ಓದಿ ಮುಗಿಸಿದ ಕಾದಂಬರಿ ಬೀರುವಿನಲ್ಲಿದ್ದರೂ ಶೋಭಿಸುತ್ತದೆ. ಆಟದ ಪುಸ್ತಕ ಹಾಗಲ್ಲ. ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟ ಅಮೆರಿಕದಲ್ಲಿ ಹೊರಬಂದದ್ದು 1974ರಲ್ಲಿ. ಅಂದಿನಿಂದ ಇಂತಹ ಆಟಗಳ ನಿಯಮಗ್ರಂಥಗಳು ಅಲ್ಲಿನ ಎಷ್ಟೋ ಮನೆಗಳಲ್ಲಿ ಬೆಳೆದಿವೆ. ಗೆಳೆಯರ ಕೂಟ ಚದುರಿದ ಮೇಲೆ ಅವನ್ನೇನು ಮಾಡುವುದು?

ಕಸಕ್ಕೆ ಹಾಕುವ ಮುನ್ನ ಮುದ್ರಣದ ವರ್ಷವನ್ನು ನೋಡುವುದು ಉಚಿತ. ಮೂರು ಕಿರುಹೊತ್ತಗೆಗಳ ಆ ಮೊದಲ ಪೆಟ್ಟಿಗೆ ಅಚ್ಚಾದದ್ದು ಕೇವಲ 1,000 ಪ್ರತಿ. ಸಂಗ್ರಾಹಕರು ಅದಕ್ಕೆ ಸಾವಿರಾರು ಡಾಲರ್ ತೆತ್ತಿದ್ದಾರೆ. ಸಾಮಾನ್ಯ ಪ್ರತಿಗಳನ್ನು ವಿಸ್ಕಾನ್ಸಿನ್‌ನ ನೋಬಲ್ ನೈಟ್ ಗೇಮ್ಸ್‌ನಂತಹ ಅಂಗಡಿಗಳು ಕೊಳ್ಳುತ್ತವೆ. ಬಿಡಿಯಾಗಿ ಮಾರುವವರಿಗೆ ಪುಸ್ತಕಗಳಿಗೆಂದೇ ಇರುವ ಅಗ್ಗದ ಅಂಚೆದರ ಅನುಕೂಲ. ಅಲ್ಪಬೆಲೆಯವನ್ನು ಶಾಲೆಯ ಆಟದ ಸಂಘಕ್ಕೆ ದಾನವಾಗಿ ಕೊಡುವುದೇ ಲೇಸು. ಆಡಲು ನಾಲ್ವರು ಕೂಡಿದರೆ ಹಳೆಯ ಪುಸ್ತಕವೂ ಹೊಸದೇ ಅಲ್ಲವೇ?